ಟೀಚರಮ್ಮನ ಅಭ್ಯಾಸಬಲ

ಆ ಶಿಶುವಿಹಾರದ ಚರಿತ್ರೆಯಲ್ಲಿ ಆ ಸೋಮವಾರವನ್ನು ಯಾರೂ ಮರೆಯುವಂತಿಲ್ಲ. ಮರಳಾಟದ ಮೂಲೆಯ ಏಕೈಕ ಕೆಂಪು ಬಕೆಟ್ಟಿಗಾಗಿ ಎರಡು ಪಕ್ಷಗಳ ನಡುವೆ ಯುದ್ಧ ನಡೆದು, ಒಂದು ಪಕ್ಷ ಇನ್ನೊಂದರ ಮೊಣಕೈ ಕಚ್ಚಿತು. ಕಚ್ಚಿದವಳಿಗೆ ನಾಲ್ಕು ವರ್ಷ. ಮನೆಯಲ್ಲಿ ಅವಳನ್ನು ಇರುವೆ ಅಂತಲೇ ಕರೆಯುತ್ತಿದ್ದರು. ಸಂಧಾನಕ್ಕೆ ಅವಳ ಅಪ್ಪನನ್ನು ಕರೆಸಲಾಯಿತು.

ಅಪ್ಪ ಗಡಿಯಾರ ರಿಪೇರಿಯವನು. ಹೆಂಡತಿ ತೀರಿಕೊಂಡು ಎರಡು ವರ್ಷ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತು, ತಾನೇ ಕಚ್ಚಿದವನ ಹಾಗೆ ತಲೆ ತಗ್ಗಿಸಿದ.

"ಗದರಿಸಿ ಬುದ್ಧಿ ಹೇಳ್ಲಾ, ಟೀಚರ್?"

"ಬೇಡ. ಗದರಿಸಿದ್ರೆ ಸಿಟ್ಟು ಹೋಗಲ್ಲ, ಬಚ್ಚಿಟ್ಕೊಳ್ಳುತ್ತೆ. ಮಗುವಿನ ಎತ್ತರಕ್ಕೆ ಬಗ್ಗಿ, 'ನಿಂಗೆ ಸಿಟ್ಟು ಬಂದಿದೆ ಅಲ್ವಾ ಪುಟ್ಟಾ' ಅನ್ನಿ. ಅದರ ಮನಸ್ಸಲ್ಲಿರೋದಕ್ಕೆ ಹೆಸರಿಡಿ, ನಿಮ್ಮದನ್ನ ಮಧ್ಯೆ ತರಬೇಡಿ."

"ನಮ್ಮಮ್ಮ ಇದನ್ನೆಲ್ಲ ಸೌಟಲ್ಲೇ ಮುಗಿಸ್ತಿದ್ರು."

ಟೀಚರ್ ನಕ್ಕಳು. ಮೂವತ್ನಾಲ್ಕು ವರ್ಷದವಳು ಇಷ್ಟು ಜೋರಾಗಿ ನಗಬಾರದೆಂದು ನೆನಪಾಗುವ ಹೊತ್ತಿಗೆ ಅವನು ನೋಡಿಬಿಟ್ಟಿದ್ದ.

ಅಂದಿನಿಂದ ದಿನವೂ ಬಾಗಿಲಲ್ಲಿ ಅವನದೊಂದು ಸಂದೇಹ. "ನಿನ್ನೆ 'ನಂಗೆ ಬೇಜಾರಾಗಿದೆ' ಅಂತ ಅವಳೇ ಹೇಳಿದ್ಲು. ನಾನೂ ಅತ್ಬಿಟ್ಟೆ. ಪರವಾಗಿಲ್ವಾ?"

"ಪರವಾಗಿಲ್ಲ. ನೀವೂ ಕಚ್ಚದಿದ್ರೆ ಸಾಕು."

"ನಿಮ್ಮ ಗೋಡೆ ಗಡಿಯಾರ ಐದು ನಿಮಿಷ ಹಿಂದಿದೆ. ಸರಿ ಮಾಡ್ಲಾ?"

"ಇರ್ಲಿ ಬಿಡಿ. ಯಾರಿಗೇನು ಅವಸರ?"

ಅವನು ಅವಳನ್ನೇ ನೋಡಿದ. ಅವಳು ಯಾವುದೋ ಮಗುವಿನ ಸ್ವೆಟರಿನಲ್ಲಿ ಆಗಲೇ ಹಾಕಿದ್ದ ಗುಂಡಿಗಳನ್ನು ಬಿಚ್ಚಿ, ಒಂದೊಂದಾಗಿ ಮತ್ತೆ ಹಾಕತೊಡಗಿದಳು.

ರಜೆಗೆ ಮುಂಚಿನ ಕೊನೆಯ ದಿನ, ಮಕ್ಕಳೆಲ್ಲ ಅಂಗಳದಲ್ಲಿದ್ದಾಗ ಅವನು ಒಳಗೆ ಬಂದು ಪುಟ್ಟ ಕುರ್ಚಿಯಲ್ಲಿ ಕೂತ.

"ಅಕ್ಕ ಒಂದು ಕಡೆ ಹೆಣ್ಣು ನೋಡಿದಾಳೆ, ಟೀಚರ್. ಭಾನುವಾರ ಮಾತು ಕೊಡ್ಬೇಕು. ನನಗೆ ಮನಸ್ಸಿಲ್ಲ. ಈ ಬಾಗಿಲಿಗೆ ಬಂದ್ರೇನೇ ನನಗೆ ಬೆಳಗಾಗೋದು. ನೀವು ಏನಾದ್ರೂ ಹೇಳಿ."

ಅವಳು ಕೈಯಲ್ಲಿದ್ದ ಕ್ರೆಯಾನ್ ಡಬ್ಬಿ ಕೆಳಗಿಟ್ಟಳು. ಎಷ್ಟೋ ಇರುಳು ಮನಸ್ಸಲ್ಲೇ ಬರೆದು ಅಳಿಸಿದ ಉತ್ತರ ಎದೆಯವರೆಗೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದುಂಟು. ಬಾಯಿಗೆ ಬಂದದ್ದು ಹನ್ನೆರಡು ವರ್ಷದ ಅಭ್ಯಾಸ. ಅವನ ಎತ್ತರಕ್ಕೆ ಬಗ್ಗಿ, ಮೆಲ್ಲಗೆ ಅಂದಳು:

"ನಿಮಗೆ ತುಂಬಾ ಒಂಟಿ ಅನ್ನಿಸ್ತಿದೆ, ಅಲ್ವಾ? ಹಾಗನ್ನಿಸೋದು ತಪ್ಪಲ್ಲ."

ಅವನ ಮುಖ ಇಳಿಯಿತು. "ನಾನು ಮಗು ಅಲ್ಲ, ಟೀಚರ್. ಇಲ್ಲ ಅನ್ನೋದನ್ನ ನೇರವಾಗೇ ಹೇಳ್ಬಹುದಿತ್ತು."

ಎದ್ದ. ಕುರ್ಚಿಯೂ ಸೊಂಟಕ್ಕೆ ಸಿಕ್ಕಿಕೊಂಡು ಜೊತೆಗೆ ಎದ್ದಿತು. ಇಬ್ಬರೂ ನಗಲಿಲ್ಲ. ಅದನ್ನು ಬಿಡಿಸಿ, ಸಾಲಿನಲ್ಲಿ ನೀಟಾಗಿ ಇಟ್ಟು ಹೊರಟ.

'ಹೋಗ್ಬೇಡಿ' ಅನ್ನಬೇಕಿತ್ತು ಅವಳು. ಅಂದದ್ದು, "ನಿಧಾನ, ಮೆಟ್ಟಿಲು ನೋಡ್ಕೊಂಡು."

ಭಾನುವಾರ ಅವನು ಮಾತು ಕೊಟ್ಟ. ರಜೆಯಲ್ಲೇ ಮದುವೆಯಾಯಿತು. ಶಾಲೆ ಶುರುವಾದ ದಿನ ಇರುವೆಯನ್ನು ಬಿಡಲು ಹೊಸ ಅಮ್ಮ ಬಂದಳು. ಒಳ್ಳೆಯ ಹೆಂಗಸು.