ಹೋಲಿಸಲು ಇನ್ನೊಬ್ಬ ನೀನು

ಮಾರ್ಚ್ ೧೧, ಮಂಗಳವಾರ, ಸಂಜೆ ಐದೂ ಇಪ್ಪತ್ತು. ಕಚೇರಿಯ ಮೆಟ್ಟಿಲ ತಿರುವಿನಲ್ಲಿ ಅವನು ನನ್ನ ಕಿವಿಯ ಬಳಿ ಬಾಗಿ, ಉಸಿರಿನಷ್ಟೇ ಮೆಲ್ಲಗೆ ಹೇಳಿದ: “ಎ ಗುಂಪು ನಮ್ಮದು ಕಣೇ.”

ಹೇಳಿ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಚೂರು ಮೊದಲೇ ಕಿರಿದಾಗುತ್ತದೆ. ಅದನ್ನು ಗಮನಿಸಿದವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಬಸುರಿಯರ ಮನೆಗೇ ನರ್ಸ್ ಹೋಗಿ ನೋಡಿಕೊಳ್ಳುವ ಯೋಜನೆ ಅವನದು. ಅದರಿಂದ ಹುಟ್ಟುವ ಮಕ್ಕಳ ತೂಕ ಹೆಚ್ಚಿತೇ ಎಂದು ಲೆಕ್ಕ ಹಾಕುವ ಕೆಲಸ ನನ್ನದು. ಚೀಟಿ ಎತ್ತಿ ಅರ್ಧ ಊರುಗಳಿಗೆ ಮಾತ್ರ ನರ್ಸ್‌ಗಳನ್ನು ಕಳಿಸಿದ್ದರು. ನನಗೆ ಕೊಟ್ಟ ಅಂಕಿಗಳ ಮೇಲೆ ಎ, ಬಿ ಎಂದಷ್ಟೇ ಇತ್ತು. ನರ್ಸ್ ಹೋದ ಊರುಗಳು ಯಾವ ಗುಂಪೆಂದು ಲೆಕ್ಕ ಮುಗಿಯುವವರೆಗೆ ನನಗೆ ತಿಳಿಯಬಾರದು. ತಿಳಿದರೆ ಕೈ ಒಂದು ಕಡೆ ವಾಲುತ್ತದೆ.

“ನಮ್ಮಿಬ್ಬರ ಮಧ್ಯೆ ಗುಟ್ಟು ಯಾಕೆ, ದಶಮಾಂಶ?” ಎಂದ. ಆ ಅಡ್ಡಹೆಸರು ಅವನೇ ಇಟ್ಟದ್ದು. ನಿಯಮ ಮುರಿದನೆಂದು ಬೈಯಬೇಕಿತ್ತು. ನಾನೋ, ಮುದ್ದಿಸಿಕೊಂಡ ಬೆಕ್ಕಿನಂತೆ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಒಂದು ಆಸ್ಪತ್ರೆಯ ಅಂಕಿಗಳನ್ನು ತೆರೆದೆ. ಅಲ್ಲಿನ ತೂಕದ ಯಂತ್ರ ಕಡಿಮೆ ತೋರಿಸುತ್ತದೆಂಬ ಅನುಮಾನವಿತ್ತು, ಪುರಾವೆ ಇರಲಿಲ್ಲ. ಆಸ್ಪತ್ರೆ ಎ ಗುಂಪಿನದು; ಆ ತೂಕಗಳನ್ನು ಬಿಟ್ಟರೆ ಎ ಗುಂಪಿನ ಸರಾಸರಿ ಏರುತ್ತದೆ. ಬೆರಳು ತಾನಾಗಿ ಅಳಿಸುವ ಕೀಲಿಯ ಮೇಲೆ ಹೋಗಿತ್ತು.

ಆಗ ನೆನಪಾಯಿತು. ಆ ತೂಕಗಳನ್ನು ಇಡುವುದೋ ಬಿಡುವುದೋ, ಫಲಿತಾಂಶ ಅದರ ಮೇಲೇ ನಿಂತೀತು ಎಂದು ಸೋಮವಾರ ನಾನೇ ಅವನ ಭುಜಕ್ಕೆ ಒರಗಿ ಹೇಳಿದ್ದೆ. ಮಂಗಳವಾರ ಅವನು ಗುಟ್ಟು ಬಿಟ್ಟುಕೊಟ್ಟಿದ್ದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ.

ಅವನು ಬರುವುದು ನಿನಗಾಗಿಯೋ ನಿನ್ನ ಲೆಕ್ಕಕ್ಕಾಗಿಯೋ ಎಂದು ಅಕ್ಕ ಒಮ್ಮೆ ಕೇಳಿದ್ದಳು. ಅವಳಿಗೆ ಹೊಟ್ಟೆಕಿಚ್ಚೆಂದು ನಾನು ಮಾತು ಬಿಟ್ಟಿದ್ದೆ.

ಗುಟ್ಟು ಯಾಕೆ ಹೇಳಿದೆಯೆಂದು ಕ್ಯಾಂಟೀನಿನಲ್ಲಿ ಅವನನ್ನು ಕೇಳಿದೆ. ಮೊದಲು ಬಾಯಿತಪ್ಪಿ ಬಂತೆಂದ. ಆಮೇಲೆ ಖಾಲಿ ಕಪ್ಪಿನಲ್ಲಿ ಚಮಚ ತಿರುಗಿಸುತ್ತ ಕೂತ.

“ಮೂರು ವರ್ಷದ ಕೆಲಸ ಕಣೇ. ಯೋಜನೆ ಬಿದ್ದೋದ್ರೆ ನರ್ಸ್‌ಗಳೂ ಬೀದಿಗೆ ಬೀಳ್ತಾರೆ. ನಿನ್ನ ಕೈ ಸ್ವಲ್ಪ ನಮ್ಮ ಕಡೆ ಇರ್ಲಿ ಅಂತ ಹೇಳ್ದೆ. ಅದಕ್ಕೂ ಪ್ರೀತಿಗೂ ಸಂಬಂಧ ಇಲ್ಲ.”

“ಇಲ್ದೆ ಇರ್ಬೋದು. ಅದು ಗೊತ್ತಾಗ್ಬೇಕಂದ್ರೆ, ನನ್ನ ಲೆಕ್ಕ ಬೇಡದ ಇನ್ನೊಬ್ಬ ನೀನು ಬೇಕಿತ್ತು. ಅವನೂ ದಿನಾ ಸಂಜೆ ಮೆಟ್ಟಿಲ ಹತ್ರ ಕಾಯ್ತಿದ್ನಾ ಅಂತ ನೋಡ್ಬೋದಿತ್ತು.”

“ಕಾಯ್ತಿದ್ದ.”

“ಹೋಲಿಸೋಕೆ ಅವನೆಲ್ಲಿ?”

ನಗಲು ನೋಡಿದ. ಎಡಗಣ್ಣು ಕಿರಿದಾಗಲಿಲ್ಲ.

ಗುಂಪು ಯಾವುದೆಂದು ನನಗೆ ತಿಳಿದುಹೋಗಿದೆ ಎಂದು ಮುಖ್ಯಸ್ಥೆಗೆ ಹೇಳಿದೆ. ಯಾರು ಹೇಳಿದರೆಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿದರು. ಲೆಕ್ಕವೆಲ್ಲ, ಏನೂ ತಿಳಿಯದ ಸಹೋದ್ಯೋಗಿಯ ಪಾಲಾಯಿತು. ಯಂತ್ರ ಕೆಟ್ಟಿದೆ ಎನ್ನಲು ಪುರಾವೆಯಿಲ್ಲವೆಂದು ಆತ ಒಂದು ತೂಕವನ್ನೂ ತೆಗೆಯಲಿಲ್ಲ.

ಫಲಿತಾಂಶ ಓದಿದ ದಿನ ಅವನು ಮುಂದಿನ ಸಾಲಿನಲ್ಲಿದ್ದ, ನಾನು ಕೊನೆಯದರಲ್ಲಿ. ಅವನು ಒಮ್ಮೆ ತಿರುಗಿ ನೋಡಿದ. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ನರ್ಸ್ ಹೋದ ಊರುಗಳಲ್ಲಿ ಶಿಶುಗಳ ಸರಾಸರಿ ತೂಕ ಎಂಬತ್ತಾರು ಗ್ರಾಂ ಹೆಚ್ಚಿತ್ತು.