ಬಾಗಿಲು ಮುಚ್ಚಿದರೆ ಮುನಿಯುವ ಯಂತ್ರ

ಸಾಬೂನಿಗೆ ಕಾಗದ ಸುತ್ತುವ ಯಂತ್ರ ಹತ್ತು ದಿನಗಳಲ್ಲಿ ಹನ್ನೊಂದನೆಯ ಸಲ ನಿಂತ ಬೆಳಗ್ಗೆ, ಅದನ್ನು ನಡೆಸುವ ಸೀಟಿ ನೇರವಾಗಿ ಉಗ್ರಾಣಕ್ಕೆ ಬಂದಳು. ಯಂತ್ರದ ತಾಳಕ್ಕೆ ಸರಿಯಾಗಿ ಸೀಟಿ ಹೊಡೆಯುತ್ತ ಕೆಲಸ ಮಾಡುವುದು ಅವಳ ಅಭ್ಯಾಸ. ಹೆಸರು ಬಂದದ್ದೂ ಅದರಿಂದಲೇ. ಆವತ್ತು ಮಾತ್ರ ಅವಳ ತುಟಿ ಒಣಗಿತ್ತು, ಕೈಯಲ್ಲೊಂದು ಪತ್ರವಿತ್ತು.

"ಭಾವ, ನಿಮ್ಮ ನಾದಿನಿ ರಜೆ ಮುಗಿಸ್ಕೊಂಡು ಬಂದ್ರಾ?" ಎಂದಳು.

ಉಗ್ರಾಣದವನು ಇಡೀ ಕಾರ್ಖಾನೆಗೇ ಭಾವ. ಅವನ ಹೆಂಡತಿಯ ತಂಗಿ ಅಲ್ಲಿನ ಯಂತ್ರಗಳ ಪ್ರೋಗ್ರಾಂ ನೋಡಿಕೊಳ್ಳುವವಳು. ಅವಳು ಭಾವ ಎಂದದ್ದು ಕೇಳಿ ಕೇಳಿ ಉಳಿದವರಿಗೂ ಅದೇ ರೂಢಿಯಾಗಿತ್ತು. ಕಾರ್ಖಾನೆಯಲ್ಲಿ ಏನು ಕೆಟ್ಟರೂ, ಏನು ಕಳೆದರೂ ಪತ್ತೆ ಹಚ್ಚುವವಳು ಅವಳು, ಅವಳ ಲ್ಯಾಪ್‌ಟಾಪ್ ಚೀಲ ಹೊರುವವನು ಇವನು. ಈ ಕೆಲಸಕ್ಕೆ ಯಾರೂ ಅವನನ್ನು ನೇಮಿಸಿರಲಿಲ್ಲ, ಬಿಡಿಸಲು ಬಂದರೆ ಅವನು ಬಿಡುತ್ತಲೂ ಇರಲಿಲ್ಲ.

ಹದಿನೈದು ದಿನದ ರಜೆ ಮುಗಿಸಿ ಆಗಷ್ಟೇ ಬಂದಿದ್ದ ನಾದಿನಿ ಪತ್ರ ಓದಿದಳು. ಒಂದು ವರ್ಷದಿಂದ ತರಬೇತಿಯಲ್ಲಿದ್ದ ಸೀಟಿ ನಾಳೆಯಿಂದ ರಟ್ಟಿನ ಪೆಟ್ಟಿಗೆ ಅಂಟಿಸುವ ವಿಭಾಗಕ್ಕೆ ಹೋಗಬೇಕು ಎಂದು ಮ್ಯಾನೇಜರ್ ಬರೆದಿದ್ದರು. ಯಂತ್ರದ ನಿಯಂತ್ರಕ ಇರುವ ಕಬ್ಬಿಣದ ಕಪಾಟಿಗೆ ಎರಡೇ ಕೀಲಿ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ಸೀಟಿ ಬಳಿ. ಒಳಗೆ ಕೈಯಾಡಿಸಲು ಇನ್ಯಾರಿಗೆ ಸಾಧ್ಯ ಎಂಬುದು ಅವರ ವಾದ.

"ಒಂದು ವರ್ಷ ಇದರ ಜೊತೆ ಬದುಕಿದ್ದೀನಿ ಅಕ್ಕ. ಇದನ್ನ ನಾನ್ಯಾಕೆ ಕೆಡಿಸ್ಲಿ?" ಎಂದಳು ಸೀಟಿ. ಭಾವ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದ.

ಯಂತ್ರದ ಬಳಿ ಎಲೆಕ್ಟ್ರಿಷಿಯನ್ ಗೊಣಗುತ್ತ ನಿಂತಿದ್ದ. ಯಂತ್ರದಲ್ಲಿ, ಹೇಳಿದ ಜಾಗಕ್ಕೆ ಸರಿಯಾಗಿ ತಿರುಗಿ ನಿಲ್ಲುವ ಮೂರು ಸರ್ವೋ ಮೋಟರುಗಳು. ಪ್ರತಿಯೊಂದರ ಬೆನ್ನಿಗೂ ತಾನೆಷ್ಟು ತಿರುಗಿದೆ ಎಂದು ಕ್ಷಣಕ್ಷಣಕ್ಕೂ ವರದಿ ಕೊಡುವ ಎನ್‌ಕೋಡರ್. ಕಾಗದ ಕತ್ತರಿಸುವ ಮೂರನೆಯದರ ವರದಿ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು, ಯಂತ್ರವೂ ನಿಲ್ಲುತ್ತಿತ್ತು. ಅವನು ಮೋಟರ್ ಬದಲಿಸಿದ್ದ, ತಂತಿಯನ್ನೂ ಬದಲಿಸಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು ಅಷ್ಟೆ. ವಿಚಿತ್ರವೆಂದರೆ, ಕಪಾಟು ತೆರೆದು ಲ್ಯಾಪ್‌ಟಾಪ್ ಜೋಡಿಸಿ ಕಾದು ಕೂತರೆ ಯಂತ್ರ ಸಾಧುವಿನಂತೆ ಓಡುತ್ತಿತ್ತು. ಬಾಗಿಲು ಹಾಕಿದ ಅರ್ಧ ಮುಕ್ಕಾಲು ಗಂಟೆಗೆ ಮತ್ತೆ ಮುನಿಸು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಪ್ರತಿ ಸಲದಂತೆ ಸುರಕ್ಷತೆ ಮೊದಲು ಎನ್ನುತ್ತ ಎಲ್ಲರನ್ನೂ ಹಳದಿ ಗೆರೆಯ ಆಚೆ ನಿಲ್ಲಿಸಿ, ತೋಳಿಗೆ ಬಟ್ಟೆಚೀಲ ನೇತುಹಾಕಿಕೊಂಡೇ, ಬೆನ್ನು ತಿರುಗಿಸಿ ತಾವೇ ಬಾಗಿಲು ತೆಗೆದು, ಒಳಗೆಲ್ಲ ಪರೀಕ್ಷಿಸಿ, ಆಮೇಲೆ ಕರೆದರು. ಹೆಂಡತಿಯ ಅಪ್ಪಣೆಯಂತೆ ಅವರು ಎರಡು ವಾರದಿಂದ ಪಥ್ಯದಲ್ಲಿದ್ದರು. ಕ್ಯಾಂಟೀನಿನಲ್ಲಿ ಎಲ್ಲರೆದುರು ಸೌತೆಕಾಯಿ ಅಗಿಯುತ್ತಿದ್ದರು. ಆದರೂ ಬೆಲ್ಟು ಒಂದು ತೂತು ಸಡಿಲವಾಗಿದ್ದನ್ನು ಭಾವ ಗಮನಿಸಿ ಮರುಗಿದ. ಅವನ ಮನೆಯಲ್ಲೂ ಅದೇ ಕಥೆ.

ನಾದಿನಿ ಲ್ಯಾಪ್‌ಟಾಪ್ ಜೋಡಿಸಿ ದೋಷಗಳ ಪಟ್ಟಿ ತೆರೆದಳು. ಹನ್ನೊಂದೂ ಸಲ ಯಂತ್ರ ನಿಂತದ್ದು ಬೆಳಗ್ಗೆ ಹತ್ತರಿಂದ ಹನ್ನೆರಡೂ ಮುಕ್ಕಾಲರೊಳಗೆ. ಊಟದ ನಂತರ ಒಮ್ಮೆಯೂ ಇಲ್ಲ. ಕಳೆದ ಮಂಗಳವಾರವಂತೂ ಒಂದೂ ಇಲ್ಲ.

"ಮಂಗಳವಾರ ನೀನು ರಜಾನಾ?"

"ಇಲ್ಲ ಅಕ್ಕ, ಇಡೀ ದಿನ ಇಲ್ಲೇ ಇದ್ದೆ."

ಆವತ್ತು ಮ್ಯಾನೇಜರ್ ಸಾಹೇಬರು ಪ್ರಧಾನ ಕಚೇರಿಗೆ ಹೋಗಿದ್ದರಿಂದ ಒಂದು ಸಹಿಗಾಗಿ ತಾನು ಪಟ್ಟ ಪಾಡನ್ನು ಭಾವ ಹೇಳತೊಡಗಿದ. ನಾದಿನಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಟಾರ್ಚು ಹಿಡಿದು ಕಪಾಟಿನ ತಳ ನೋಡುತ್ತಿದ್ದಳು. ಮೂರನೆಯ ಮೋಟರಿನ ಪ್ಲಗ್ಗಿನ ಪಕ್ಕ, ಧೂಳಿನ ನಡುವೆ, ಅಂಗೈಯಗಲದ ಒಂದು ಗುಂಡು ಜಾಗ ಮಾತ್ರ ಸ್ವಚ್ಛವಾಗಿತ್ತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಭಾವ," ಎಂದು ಅವಳು ಏನನ್ನೋ ಟೈಪಿಸಿ ಲ್ಯಾಪ್‌ಟಾಪಿನ ತಂತಿ ಕಳಚಿದಳು. ಬಾಗಿಲು ನಾನೇ ಹಾಕುತ್ತೇನೆ ಎಂದರು ಮ್ಯಾನೇಜರ್, ಮತ್ತೆ ಎಲ್ಲರನ್ನೂ ಹಳದಿ ಗೆರೆಯಾಚೆ ಕಳಿಸಿ.

ಹನ್ನೆರಡು ಹತ್ತಕ್ಕೆ ಯಂತ್ರ ನಿಂತಿತು. ನಾದಿನಿ ಎಲ್ಲರನ್ನೂ ಮುಚ್ಚಿದ ಕಪಾಟಿನ ಮುಂದೆ ಸೇರಿಸಿದಳು.

"ಮೋಟರು, ತಂತಿ ಎರಡೂ ಹೊಸವು. ಉಳಿದದ್ದು ತಂತಿ ಬಂದು ಸೇರುವ ಪ್ಲಗ್ಗು, ಅದು ಕಪಾಟಿನ ಒಳಗಿದೆ," ಎಂದು ಶುರುಮಾಡಿದಳು. "ಬಾಗಿಲು ತೆರೆದಾಗ ಇಲ್ಲದ ಯಾವುದೋ ವಸ್ತು, ಮುಚ್ಚಿದಾಗ ಒಳಗಿರುತ್ತೆ. ಯಂತ್ರದ ಅದುರಾಟಕ್ಕೆ ನಿಧಾನವಾಗಿ ಜರುಗಿ ಪ್ಲಗ್ಗನ್ನ ಒತ್ತುತ್ತೆ. ಅದು ಬೆಳಗ್ಗೆ ಬಂದು ಊಟದ ಹೊತ್ತಿಗೆ ಹೋಗುತ್ತೆ. ತಳ ಗುಂಡಗಿದೆ. ಮಂಗಳವಾರ ಸೀಟಿ ಇದ್ದಳು, ಅದು ಬರಲಿಲ್ಲ. ಹಾಗಾದರೆ ತಂದವಳು ಸೀಟಿ ಅಲ್ಲ. ಇನ್ನೊಂದು ಕೀಲಿಯವರು ಆವತ್ತು ಕಾರ್ಖಾನೆಯಲ್ಲೇ ಇರಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮ್ಯಾನೇಜರ್ ಜೇಬು ಮುಟ್ಟಿಕೊಂಡರು. "ಬಾಗಿಲು ನಾನೇ ತೆಗೀತೀನಿ. ಸುರಕ್ಷತೆ..."

"ಬೇಡ ಸಾರ್. ಸೀಟಿ ತೆಗೀಲಿ."

ಸೀಟಿ ಕೀಲಿ ತಿರುಗಿಸಿದಳು. ಒಳಗೆ ಗುಂಡನೆಯ ಸ್ಟೀಲ್ ಡಬ್ಬಿಯೊಂದು ಪ್ಲಗ್ಗಿಗೆ ಒರಗಿ ಬೆಚ್ಚಗೆ ಕೂತಿತ್ತು. ಕರಿದ ತಿಂಡಿಯ ಘಮಲು ಇಡೀ ವಿಭಾಗಕ್ಕೆ ಹರಡಿತು.

ನಾದಿನಿ ಲ್ಯಾಪ್‌ಟಾಪ್ ಜೋಡಿಸಿದಳು. ಯಂತ್ರ ನಿಂತ ಕೂಡಲೇ ಹಿಂದಿನ ಕೆಲವು ಕ್ಷಣಗಳನ್ನು ಉಳಿಸಿಡು ಎಂದು ನಿಯಂತ್ರಕಕ್ಕೆ ಬೆಳಗ್ಗೆಯೇ ಹೇಳಿಟ್ಟಿದ್ದಳು. ಪರದೆಯ ಮೇಲೆ ಎರಡು ಗೆರೆ: ಹೋಗು ಎಂದ ಜಾಗ ಒಂದು, ಮೋಟರ್ ಹೋದ ಜಾಗ ಇನ್ನೊಂದು. ಕೊನೆಯವರೆಗೂ ಎರಡೂ ಅಂಟಿಕೊಂಡೇ ಸಾಗಿ, ಎರಡನೆಯದು ಥಟ್ಟನೆ ತುಂಡಾಗಿತ್ತು. ಯಾರಾದರೂ ಪ್ರೋಗ್ರಾಂ ಕೆಡಿಸಿದ್ದರೆ ಮೊದಲ ಗೆರೆ ಡೊಂಕಾಗಬೇಕಿತ್ತು, ಮೋಟರ್ ಬಿಗಿದಿದ್ದರೆ ಎರಡನೆಯದು ನಿಧಾನವಾಗಿ ಹಿಂದುಳಿಯಬೇಕಿತ್ತು ಎಂದು ವಿವರಿಸಿದಳು. ಡಬ್ಬಿ ತೆಗೆದು ಓಡಿಸಿದಳು, ಯಂತ್ರ ಓಡಿತು. ಡಬ್ಬಿಯನ್ನು ಪ್ಲಗ್ಗಿಗೆ ಒತ್ತಿದಳು, ನಿಂತಿತು.

"ನನ್ನ ಕೋಣೆಗೆ ನಾಲ್ಕೂ ಕಡೆ ಗಾಜು," ಎಂದರು ಮ್ಯಾನೇಜರ್ ಸಣ್ಣ ದನಿಯಲ್ಲಿ. "ಬಚ್ಚಿಡೋಕೆ ಬೇರೆ ಜಾಗ ಇರಲಿಲ್ಲ. ಇಲ್ಲಿ ಬಿಸಿಯಾಗಿಯೂ ಇರುತ್ತೆ. ಇದರಿಂದ ಯಂತ್ರ ನಿಲ್ಲುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ." ಮುಖ ಕೆಂಪಾಗಿದ್ದರೂ ಅವರು ಓಡಿಹೋಗಲಿಲ್ಲ, ಅದನ್ನು ಭಾವ ಮೆಚ್ಚಿದ. ಸೀಟಿಯ ಕೈಯಿಂದ ಪತ್ರ ತೆಗೆದುಕೊಂಡು ಹರಿದರು, ತಪ್ಪಾಯಿತಮ್ಮ ಎಂದರು, ತಮ್ಮ ಕೀಲಿಯನ್ನೂ ಅವಳಿಗೇ ಕೊಟ್ಟರು.

ನಾದಿನಿ ಅಷ್ಟಕ್ಕೆ ಬಿಡಲಿಲ್ಲ. ದೋಷದ ಪುಸ್ತಕದಲ್ಲಿ ಕಾರಣ ಬರೆಯದೆ ಯಂತ್ರವನ್ನು ಮತ್ತೆ ಕೆಲಸಕ್ಕೆ ಹಚ್ಚುವಂತಿಲ್ಲ. ಆ ನಿಯಮ ಮಾಡಿದವರೂ ಸಾಹೇಬರೇ. ಅವರು ಪೆನ್ನು ತೆಗೆದು ಬರೆದರು: 'ಕಾರಣ: ತಿಂಡಿ ಡಬ್ಬಿ. ಡಬ್ಬಿ ಯಾರದು: ನನ್ನದು.' ಕೆಳಗೆ ಸಹಿ ಹಾಕಿದರು.

"ಡಬ್ಬಿ ಇತ್ತ ಕೊಡಿ ಭಾವ, ಅದು ಸಾಕ್ಷಿ," ಎಂದಳು ನಾದಿನಿ.

ಭಾವನ ಬಾಯಿ ತುಂಬಿತ್ತು. ಸಾಕ್ಷಿ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಮ್ಯಾನೇಜರ್ ಅವನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ಹಸಿವೇ ಹೆಚ್ಚಿತ್ತು.

ಪುಸ್ತಕ ಸಹಿಗಾಗಿ ಸೀಟಿಯ ಮುಂದೆ ಬಂತು. ವರ್ಷದಿಂದ ಅವಳ ಹೆಸರಿನ ಕೆಳಗೆ ತಪ್ಪದೆ 'ತರಬೇತಿ' ಎಂದು ಬರೆಯಬೇಕಿತ್ತು. ರೂಢಿಯಂತೆ ಅವಳು ಆ ಪದದ ಮೊದಲ ಅಕ್ಷರ ಬರೆದೂ ಆಗಿತ್ತು. ಮ್ಯಾನೇಜರ್ ಪೆನ್ನು ಈಸಿಕೊಂಡು ಅದನ್ನು ಹೊಡೆದುಹಾಕಿ, 'ಆಪರೇಟರ್' ಎಂದು ಬರೆದು ಅವಳಿಗೆ ಹಿಂದಿರುಗಿಸಿದರು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಕಪಾಟಿಗೆ ಬೀಗ ಹಾಕಿ, ಎರಡೂ ಕೀಲಿ ಸೊಂಟಕ್ಕೆ ಸಿಕ್ಕಿಸಿ ಹಸಿರು ಗುಂಡಿ ಒತ್ತಿದಳು. ಯಂತ್ರಕ್ಕಿಂತ ಮೊದಲು ಸೀಟಿಯೇ ಶುರುವಾಯಿತು.