ಸರ್ವೆ ಮರದ ದೀಪಗಳೂ ಸೀಸೆಯೊಳಗಿನ ನಗುವೂ

ಬಹಳ ಬಹಳ ಹಿಂದೆ, ಗಾಜು ಊದುವವರೇ ತುಂಬಿದ್ದ ಸರ್ವೆಗಿರಿ ಎಂಬ ರಾಜ್ಯವಿತ್ತು. ಕ್ರಿಸ್ಮಸ್ ಬಂತೆಂದರೆ ಅಲ್ಲಿನ ಅರಮನೆ ಅಂಗಳದ ದೊಡ್ಡ ಸರ್ವೆ ಮರಕ್ಕೆ ಮಕ್ಕಳೇ ಗಾಜಿನ ದೀಪ ಕಟ್ಟಬೇಕು. ದೊಡ್ಡವರು ಕಟ್ಟಿದರೆ ಅವು ಹೊತ್ತಿಕೊಳ್ಳುತ್ತಿರಲಿಲ್ಲ. ಮಕ್ಕಳ ಕೈ ತಾಗಿದರೆ ಸಾಕು, ಎಣ್ಣೆ ಬತ್ತಿ ಯಾವುದೂ ಇಲ್ಲದೆ ಪಕ್ಕನೆ ಬೆಳಗುತ್ತಿದ್ದವು. ಇನ್ನು ಮಕ್ಕಳು ಕಟ್ಟುವ ಚಂದ ಕೇಳಬೇಕೆ? ಒಂದು ಕೊಂಬೆಗೆ ಹತ್ತು ದೀಪ, ಪಕ್ಕದ್ದಕ್ಕೆ ಸೊನ್ನೆ. ವರ್ಷಕ್ಕೆ ನಾಲ್ಕಾರು ಒಡೆಯುತ್ತಲೂ ಇದ್ದವು. ಒಡೆದವರು ಅಳಬಾರದೆಂದು ಹಬ್ಬದ ಮೊದಲ ಕಜ್ಜಾಯ ಅವರಿಗೇ ಕೊಡುವ ಪದ್ಧತಿ. ಗಾಜು ಊದುವ ಚೌರಪ್ಪನ ಮಗ ಇನ್ನಾಸ, ಆರು ವರ್ಷದ ಪೋರ, ಮೂರು ಹಬ್ಬದಿಂದ ಆ ಕಜ್ಜಾಯವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವನು ನಕ್ಕರೆ ಇಡೀ ಬೀದಿಗೆ ಕೇಳಿಸುತ್ತಿತ್ತು. ಹನ್ನೆರಡು ವರ್ಷದ ಅಕ್ಕ ಲೂರ್ದುಗೆ ಆ ನಗುವೇ ಹಬ್ಬ.

ಆದರೆ ದೊರೆ ರಾಯಪ್ಪನಿಗೆ ಎಲ್ಲವೂ ಒಪ್ಪವಾಗಿರಬೇಕು. ಮೀಸೆಯ ಎರಡು ತುದಿಯನ್ನೂ ದಾರ ಹಿಡಿದು ಅಳೆಯುವವರ ಪೈಕಿ ಅವನು. ಒಂದು ವರ್ಷ ಹಬ್ಬಕ್ಕೆ ಮೂರು ದಿನವಿರುವಾಗ ಥಳಕ ಎಂಬ ಮಾಂತ್ರಿಕ ಅವನ ಬಳಿ ಬಂದ.

"ಮಂಗನ ಕೈಗೆ ಮಾಣಿಕ್ಯ ಯಾಕೆ ಕೊಡ್ತೀರಿ ಪ್ರಭು? ಆ ಹಳೇ ದೀಪದ ಪೆಟ್ಟಿಗೆ ನನಗೆ ಕೊಟ್ಟುಬಿಡಿ. ಮರ ತಾನೇ ಸಿಂಗಾರ ಮಾಡ್ಕೊಳ್ಳುತ್ತೆ. ಒಂದು ದೀಪ ಸೊಟ್ಟ ಇರಲ್ಲ, ಒಂದು ದೀಪ ಒಡೆಯಲ್ಲ."

ದೊರೆ ಹಿಂದುಮುಂದು ನೋಡದೆ ಒಪ್ಪಿದ. ಥಳಕ ಚಪ್ಪಾಳೆ ತಟ್ಟಿದ್ದೇ ತಡ, ಸಾವಿರ ದೀಪಗಳು ಸಾಲಾಗಿ ಹೊಳೆದವು. ದೊಡ್ಡವರು ಆಹಾ ಎಂದರು. ಮಕ್ಕಳು ಮಾತ್ರ ಮಾಡಲು ಕೆಲಸವಿಲ್ಲದೆ ದೂರ ನಿಂತರು. ಆ ದೀಪಗಳು ಉರಿಯುತ್ತಿದ್ದದ್ದು ಮಕ್ಕಳ ನಗುವಿನಿಂದ ಎಂದು ತಿಳಿಯುವಷ್ಟರಲ್ಲಿ ಊರಿನ ಒಂದು ಮಗುವೂ ನಗುತ್ತಿರಲಿಲ್ಲ. ಎಲ್ಲಕ್ಕಿಂತ ಜೋರಾಗಿದ್ದ ಇನ್ನಾಸನ ನಗುವನ್ನು ಥಳಕ ನೀಲಿ ಸೀಸೆಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಗುಹೆಗೆ ಹೊರಟುಹೋದ. ಹಬ್ಬದ ಬೆಳಗಾಗುವುದರೊಳಗೆ ಬಿಡಿಸಿ ತರದಿದ್ದರೆ ಹೋದ ನಗು ಹೋದದ್ದೇ.

ಲೂರ್ದು ತಮ್ಮನ ಅಂಗಾಲಿಗೆ ಕಚಗುಳಿ ಇಟ್ಟಳು. ಅವನು ಗೋಡೆ ನೋಡಿದ ಹಾಗೆ ಅವಳನ್ನು ನೋಡಿದ. ಅವಳ ನಗುವೂ ಹೋಗಿತ್ತು, ಆದರೆ ಸಿಟ್ಟು ಹೋಗಿರಲಿಲ್ಲ.

"ಅಪ್ಪಾ, ನಮ್ಮ ದೀಪ ಮತ್ತೆ ನಾವೇ ಕಟ್ಟಿದರೆ ಅವನ ದೀಪ ಆರಲೇಬೇಕು. ನಮ್ಮ ಪೆಟ್ಟಿಗೆ ನಾನು ತರ್ತೀನಿ," ಎಂದಳು.

"ಎಲ್ಲರೂ ಹೆದರ್ತಾರಲ್ಲವ್ವಾ ಅವನಿಗೆ!"

"ಹೆದರೋರು ಹೆದರ್ಲಿ," ಎಂದು ಹೊರಟೇಬಿಟ್ಟಳು.

ಗುಹೆಯ ದಾರಿಗೆ ಅಡ್ಡವಾಗಿ ನೂರು ಗಂಟು ಬಿದ್ದ ಹೆಬ್ಬಾವೊಂದು ಮಲಗಿತ್ತು. "ನನ್ನ ಗಂಟು ಬಿಡಿಸಿದರೆ ದಾರಿ, ಇಲ್ಲವಾದರೆ ನುಂಗ್ತೀನಿ," ಎಂದಿತು. ಎಳೆದು ನೋಡಿದವರ ಎಲುಬು ಸುತ್ತಲೂ ಬಿದ್ದಿತ್ತು. ಪ್ರತಿ ವರ್ಷ ದೀಪದ ದಾರದ ಸಿಕ್ಕು ಬಿಡಿಸಿದವಳಲ್ಲವೆ ಲೂರ್ದು? ಎಳೆದರೆ ಗಂಟು ಬಿಗಿಯುತ್ತದೆ, ಮೆಲ್ಲಗೆ ಅಲ್ಲಾಡಿಸಿದರೆ ಸಡಿಲವಾಗುತ್ತದೆ. ಅಲ್ಲಾಡಿಸಿ ಅಲ್ಲಾಡಿಸಿ ನೂರನ್ನೂ ಬಿಡಿಸಿದಳು.

"ಅಬ್ಬಾ, ನೂರು ವರ್ಷದ ಸೊಂಟನೋವು ಹೋಯ್ತು ಕಣಮ್ಮ!" ಎಂದು ಹಾವು ಪಕ್ಕಕ್ಕೆ ಸರಿಯಿತು. ಹಾವಿಗೆ ಸೊಂಟ ಎಲ್ಲಿರುತ್ತದೋ, ಅದಕ್ಕೇ ಗೊತ್ತು.

ಗುಹೆಯ ಬಾಗಿಲಲ್ಲಿ ಒಂದು ಕುಳ್ಳ ಕರಡಿ. "ಚಿಲಕ ನಾನೇ ತೆಗೀಬೇಕು, ಬೇರೆಯವರು ಮುಟ್ಟಿದರೆ ಸಿಗಿದುಹಾಕ್ತೀನಿ!" ಎಂದು ಗುಡುಗಿತು. ಚಿಲಕವೋ ಅದಕ್ಕೆ ಎಟುಕುತ್ತಿರಲಿಲ್ಲ, ಅದೇ ಅದರ ಸಿಟ್ಟಿಗೆಲ್ಲ ಕಾರಣ. ಮೇಲಿನ ಕೊಂಬೆಗೆ ದೀಪ ಕಟ್ಟುವಾಗ ಇನ್ನಾಸನಿಗೆ ಬಾಗುವಂತೆಯೇ ಲೂರ್ದು ಮಂಡಿಯೂರಿ, "ಹೆಗಲ ಮೇಲೆ ಹತ್ತು," ಎಂದಳು. ಕುಳ್ಳಗಿದ್ದರೇನು, ಕರಡಿಯ ಭಾರ ಕರಡಿಯದೇ. ಆದರೂ ಎದ್ದು ನಿಂತಳು. ಕರಡಿ ಚಿಲಕ ತೆಗೆಯಿತು.

ಒಳಗೆ ಪೆಟ್ಟಿಗೆಯ ಮೇಲೆ ಥಳಕ ಕೂತಿದ್ದ. ನೀಲಿ ಸೀಸೆಯನ್ನು ಅವಳ ಮುಂದೆ ಆಡಿಸಿದ.

"ನಿನ್ನ ತಮ್ಮನ ನಗು ತಾನೇ ಬೇಕಾದ್ದು? ತಗೋ, ಈಗಲೇ ಕೊಡ್ತೀನಿ. ಪೆಟ್ಟಿಗೆ ಮಾತ್ರ ಕೇಳಬೇಡ."

ಲೂರ್ದುವಿನ ಕೈ ಮುಂದೆ ಹೋಯಿತು. ಅವಳಿಗೆ ಅದಕ್ಕಿಂತ ಹೆಚ್ಚಿನದು ಈ ಲೋಕದಲ್ಲಿ ಏನೂ ಬೇಕಿರಲಿಲ್ಲ. ಆದರೂ ಕೈ ಹಿಂದಕ್ಕೆ ತಂದಳು.

"ಊರೆಲ್ಲ ಮುಖ ಗಂಟುಹಾಕ್ಕೊಂಡಿದ್ದರೆ ಅವನೊಬ್ಬನೇ ಯಾರ ಜೊತೆ ನಗ್ತಾನೆ? ಏಳು ಮೇಲೆ. ಪೆಟ್ಟಿಗೆ ಕೊಡು."

ಥಳಕ ಗಹಗಹಿಸಿದ. "ಒಯ್ಯಿ. ನಗು ಸತ್ತ ಮಕ್ಕಳು ಕೈ ಎತ್ತುತ್ತಾರಾ ನೋಡೋಣ!"

ಹಬ್ಬದ ಹಿಂದಿನ ಸಂಜೆ ಲೂರ್ದು ಅಂಗಳದಲ್ಲಿ ಪೆಟ್ಟಿಗೆ ಬಿಚ್ಚಿದಳು. ನಿಜ, ಯಾವ ಮಗುವೂ ಕೈ ಎತ್ತಲಿಲ್ಲ. ಅವಳು ಪಕ್ಕದ ಮನೆಯ ಅರುಳಿಯ ಬೆರಳಿಗೆ ದೀಪದ ದಾರ ಸುತ್ತಿ, ಕೈ ಹಿಡಿದು ಕಟ್ಟಿಸಿದಳು. ದೀಪ ಪಕ್ಕನೆ ಬೆಳಗಿತು. ಥಳಕನ ಹತ್ತು ದೀಪ ಆರಿದವು. ಅರುಳಿ ಕಿಸಕ್ಕನೆ ನಕ್ಕಳು. ಅಷ್ಟೇ ಸಾಕಾಯಿತು. "ನಂಗೊಂದು!" "ಅದು ನಂದು ಕಣೋ!" ಎಂದು ಮಕ್ಕಳೆಲ್ಲ ಮುಗಿಬಿದ್ದರು. ಇನ್ನಾಸ ಮಾತ್ರ ನಿಂತಲ್ಲಿಂದ ಅಲ್ಲಾಡಲಿಲ್ಲ, ಅವನ ನಗು ಇನ್ನೂ ನೀಲಿ ಸೀಸೆಯಲ್ಲೇ ಇತ್ತು. ಲೂರ್ದುಗೆ ಕಣ್ಣೀರು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಥಳಕ ಗಾಳಿಯಲ್ಲಿ ಹಾರಿಬಂದ. ತುದಿಯಲ್ಲಿ ಆರದೆ ಉಳಿದಿದ್ದ ತನ್ನ ಒಂದೇ ಒಂದು ದೀಪ ಉಳಿಸಿಕೊಳ್ಳಲು ಮರ ಹತ್ತಿದ. ಮಕ್ಕಳು ಮನಸ್ಸಿಗೆ ಬಂದ ಹಾಗೆ ಸುತ್ತಿದ್ದ ದಾರಕ್ಕೆ ಅವನ ನಿಲುವಂಗಿ ಸಿಕ್ಕಿಕೊಂಡಿತು. ಅವನು ಎಳೆದ. ಇನ್ನೂ ಬಿಗಿಯಿತು. ಮತ್ತೆ ಎಳೆದ. ಕೊನೆಗೆ ದೀಪಗಳ ನಡುವೆ ಬಾವಲಿಯಂತೆ ತಲೆಕೆಳಗಾಗಿ ನೇತಾಡಿದ. ಸೊಂಟದ ಸೀಸೆ ಜಾರಿ, ಅಂಗಳದ ಕಲ್ಲಿಗೆ ಬಿದ್ದು ಚೂರಾಯಿತು.

ಇನ್ನಾಸ ತಲೆಕೆಳಗಾದ ಮಾಂತ್ರಿಕನನ್ನು ನೋಡಿದ. ನಕ್ಕ ನೋಡಿ, ಅಂಥ ನಗು! ತುದಿಯ ದೀಪ ಆರಿತು, ಅದರೊಂದಿಗೆ ಥಳಕನ ಮಾಯೆಯೂ ಮುಗಿಯಿತು. ಇಳಿಸಿ ನೋಡಿದರೆ ಒಬ್ಬ ಬಡಕಲು ಮುದುಕ. ಅವನನ್ನು ಕಜ್ಜಾಯದ ಅಕ್ಕಿ ಕುಟ್ಟಲು ಹಚ್ಚಿದರು.

"ಅಕ್ಕಾ, ನಂದೆಲ್ಲಿ?" ಎಂದ ಇನ್ನಾಸ. ಲೂರ್ದು ಕೊನೆಯ ದೀಪ ಕೊಟ್ಟಳು. ಅವನು ಅದನ್ನು ಎಲ್ಲಕ್ಕಿಂತ ಕೆಳಗೆ, ಪೂರಾ ಸೊಟ್ಟಗೆ ಕಟ್ಟಿದ. ಅಲ್ಲೇ ನಿಂತಿದ್ದ ದೊರೆ ರಾಯಪ್ಪ ಅದನ್ನು ನೆಟ್ಟಗೆ ಮಾಡಲು ಕೈ ಚಾಚಿದ. ಲೂರ್ದು ಅವನನ್ನು ಒಮ್ಮೆ ನೋಡಿದಳು, ಅಷ್ಟೆ.

"ಇರಲಿ ಬಿಡು ಮಗೂ, ಚೆನ್ನಾಗಿದೆ," ಎಂದು ದೊರೆ ಕೈ ಹಿಂದಕ್ಕೆ ತೆಗೆದುಕೊಂಡ.

ಅಂದಿನಿಂದ ಸರ್ವೆಗಿರಿಯ ಜನ ಹಾಯಾಗಿ ಬಾಳಿದರು. ಅವರ ಮರ ಮಾತ್ರ ಯಾವ ವರ್ಷವೂ ನೆಟ್ಟಗೆ ಕಾಣಲಿಲ್ಲ.